ಸಂಗಮ್ಮನವರ ಕಣ್ಣಚ್ಚು

ತಪ್ಪು ಹುಡುಕುವ ಬುದ್ಧಿಯನ್ನು ಮನುಷ್ಯರಿಂದ ಬೇರ್ಪಡಿಸಿ ಒಂದು ಡಬ್ಬಿಯಲ್ಲಿ ತುಂಬಿಡಲು ಬಂದರೆ ಹೇಗಿರುತ್ತದೆ? ನಮ್ಮ ನಿಮ್ಮ ಮನೆಗಳಿಗೆ ಅಂಥ ಡಬ್ಬಿಯನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ, ಬಿಡಿ. ಆ ಸರಕು ಎಲ್ಲರ ಮನೆಯಲ್ಲೂ ಪುಕ್ಕಟೆ ಸಿಗುತ್ತದೆ. ಆದರೆ ಧಾರವಾಡದ ಚರಣ ಪ್ರಯೋಗಾಲಯದವರಿಗೆ ಅದು ತೀರಾ ಅಗತ್ಯವಾಗಿ ಬೇಕಾಗಿತ್ತು, ಏಕೆಂದರೆ ಅವರ ಸಂಗಮ್ಮ ಹೊಸಮನಿ ನಿವೃತ್ತರಾಗುವವರಿದ್ದರು.

ಚರಣದವರು ಮಾಡುತ್ತಿದ್ದುದು ಜೊತೆಗಾಲು. ಲಕ್ವ ಹೊಡೆದು ಒಂದು ಕಾಲು ಸೋತವರಿಗೆ ಸೊಂಟದಿಂದ ಪಾದದವರೆಗೆ ಕಟ್ಟುವ ಹಗುರಾದ ಚೌಕಟ್ಟು ಅದು. ಮೊಣಕಾಲಿನಲ್ಲೊಂದು, ಹಿಮ್ಮಡಿಯ ಮೇಲೊಂದು ಪುಟ್ಟ ಮೋಟಾರು. ತೊಡೆಯ ಚರ್ಮಕ್ಕೆ ಅಂಟಿಸಿದ ಬಿಲ್ಲೆಗಳು ಸ್ನಾಯುವಿನ ಕ್ಷೀಣ ಮಿಡಿತವನ್ನು ಕೇಳಿಸಿಕೊಂಡು, ಈ ಜೀವಕ್ಕೆ ಈಗ ಹೆಜ್ಜೆ ಇಡುವ ಮನಸ್ಸಿದೆ ಎಂದು ತಿಳಿಸುತ್ತವೆ. ಮುಂದಿನದನ್ನು ಒಳಗಿನ ಪ್ರೋಗ್ರಾಮು ನೋಡಿಕೊಳ್ಳುತ್ತದೆ. ಆ ಹೊತ್ತಿಗೆ ಯಂತ್ರಗಳಿಗೆ ಕನ್ನಡದಲ್ಲೇ ಆಜ್ಞೆ ಬರೆಯುವ ರೂಢಿ ಬಂದಿತ್ತು. ಎತ್ತು, ತಾಳು, ಊರು. ಒಂದು ಹೆಜ್ಜೆಯೆಂದರೆ ಇಷ್ಟೇ. ಆದರೆ ಎಷ್ಟು ಎತ್ತಬೇಕು, ಎಷ್ಟು ಹೊತ್ತು ತಾಳಬೇಕು, ಎಲ್ಲಿ ಊರಬೇಕು ಎಂಬುದಕ್ಕೆ ಸಾವಿರಾರು ಸಾಲು ಬರೆಯಬೇಕಾಗುತ್ತಿತ್ತು. ಒಂದು ಸಾಲು ತಪ್ಪಿದರೆ ಪಾಪ, ಆ ರೋಗಿ ಮುಗ್ಗರಿಸಿ ಬೀಳುತ್ತಾನೆ.

ಆ ಸಾಲುಗಳನ್ನೆಲ್ಲ ಕಾಯುತ್ತಿದ್ದವರು ಸಂಗಮ್ಮ. ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು ಎಂದು ಹಿಂದಿನಿಂದ ಆಡಿಕೊಳ್ಳುವವರೇನೂ ಕಡಿಮೆಯಿರಲಿಲ್ಲ. ತೊಂದರೆಯೆಂದರೆ ಅವರಿಗೆ ಪ್ರತಿ ಸಲವೂ ಕಲ್ಲು ಸಿಗುತ್ತಿತ್ತು. ಪರದೆಯ ಮುಂದೆ ನಿಂತು, ಕನ್ನಡಕ ಮೇಲೇರಿಸಿ, ಒಂದು ಕಡೆ ಬೆರಳಿಟ್ಟು "ತೆಗಿ" ಎಂದರೆ ಮುಗಿಯಿತು. ಬರೆದವನು ಎಷ್ಟು ದೊಡ್ಡ ಪದವಿಯವನಾದರೂ ತೆಗೆಯಲೇಬೇಕು.

ಇಂಥವರ ನೋಟವನ್ನು ಉಳಿಸಿಕೊಳ್ಳಲೆಂದು ಪ್ರಯೋಗಾಲಯದ ಮುಖ್ಯಸ್ಥ ಇನಾಮದಾರರು ಕಣ್ಣಚ್ಚು ಎಂಬ ವಿದ್ಯೆಯನ್ನು ತರಿಸಿದರು. ತಂತಿಗಳಿರುವ ಒಂದು ಟೋಪಿ, ಕಣ್ಣಿನ ಗುಡ್ಡೆಯನ್ನೇ ನೋಡುತ್ತಿರುವ ಒಂದು ಕ್ಯಾಮೆರಾ. ಪ್ರೋಗ್ರಾಮು ಓದುತ್ತಾ ಹೋದಂತೆ ಎಲ್ಲಿ ಕಣ್ಣು ತಡೆಯಿತು, ಎಲ್ಲಿ ಮನಸ್ಸು ಗಕ್ಕನೆ ನಿಂತಿತು ಎಂಬುದನ್ನು ಅದು ಬರೆದುಕೊಳ್ಳುತ್ತದೆ. ವರ್ಷಗಟ್ಟಲೆ ಬರೆದುಕೊಂಡ ಮೇಲೆ, ಇನ್ನು ಮುಂದೆ ಎಂಥ ಹೊಸ ಸಾಲು ಬಂದರೂ ಅವರ ಮನಸ್ಸು ಎಲ್ಲಿ ನಿಲ್ಲುತ್ತಿತ್ತು ಎಂದು ತಾನೇ ಹೇಳಬಲ್ಲದು. ಏಕೆ ನಿಲ್ಲುತ್ತಿತ್ತು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ಆಗ ಅದು ದೊಡ್ಡ ಕೊರತೆ ಎಂದು ಯಾರಿಗೂ ಅನ್ನಿಸಲಿಲ್ಲ.

"ಆ ಗಾಜಿನ ಖೋಲ್ಯಾಗ ನನ್ನ ಮೀನಿನಂಗ ಇಡಬ್ಯಾಡ್ರಿ," ಎಂದಿದ್ದರು ಸಂಗಮ್ಮ. "ಟೋಪಿ ಮನಿಗೇ ಕಳಸ್ರಿ. ಮುಂಜಾನೆ ಪಡಸಾಲ್ಯಾಗ ಕುಂತ ನೋಡ್ತೀನಿ. ಏನ ಬರಕೋತೀರೋ ಬರಕೋರಿ."

ಹಾಗೆ ಎರಡು ವರ್ಷ ಪಡಸಾಲೆಯಲ್ಲಿ ಟೋಪಿ ಹಾಕಿಕೊಂಡು ಕೂತು, ತಲೆಯ ಎಣ್ಣೆ ಟೋಪಿಗೆಲ್ಲ ಮೆತ್ತಿಸಿ, ಅವರು ನಿವೃತ್ತರಾದರು. ಅವರ ಕಣ್ಣಚ್ಚು ಪ್ಲಗಿನ್ ಎಂಬ ಜೋಡಣೆಯಾಗಿ, ಪ್ರಯೋಗಾಲಯದವರೆಲ್ಲ ಪ್ರೋಗ್ರಾಮು ಬರೆಯುವ ಎಡಿಟರಿನಲ್ಲಿ ಬಂದು ಕೂತಿತು. ಬರೆಯುತ್ತಿದ್ದ ಸಾಲಿನ ಕೆಳಗೆ ಹಳದಿ ಪಟ್ಟಿಯೊಂದು ಮೂಡಿ, ಅವರದೇ ಮಾತಿನ ಧಾಟಿಯಲ್ಲಿ ಎಚ್ಚರಿಸುತ್ತಿತ್ತು: "ಇಲ್ಲಿ ಏನೋ ಬಿಟ್ಟೈತಿ, ನೋಡವಾ." ನಿಯಮ ಬಹಳ ಬಿಗಿಯಾಗಿತ್ತು. ಹಳದಿ ಪಟ್ಟಿ ಒಂದೇ ಒಂದು ಉಳಿದಿದ್ದರೂ ಪ್ರೋಗ್ರಾಮು ರೋಗಿಯ ಕಾಲಿಗೆ ಹೋಗುವಂತಿಲ್ಲ. ಬರೆದವರು ಎಚ್ಚರಿಕೆಯನ್ನು ಅಡಗಿಸುವಂತಿಲ್ಲ. ಯಾವುದಾದರೂ ಎಚ್ಚರಿಕೆ ಬೇಡವೆಂದಾದರೆ ಅದನ್ನು ತೆಗೆಸುವ ಹಕ್ಕು ಕಣ್ಣಚ್ಚಿನ ಒಡೆಯರಿಗೊಬ್ಬರಿಗೇ, ಎಂದರೆ ಸಂಗಮ್ಮನವರಿಗೇ.

ಹುಡುಗರು ಆ ಪ್ಲಗಿನ್ನಿಗೆ 'ಅತ್ತಿ' ಎಂದು ಹೆಸರಿಟ್ಟರು. ಎಲ್ಲರಿಗೂ ಅದು ತಮಾಷೆ. ನೀಲಾಂಬಿಕಾಳಿಗೆ ಮಾತ್ರ ಅಲ್ಲ, ಏಕೆಂದರೆ ಸಂಗಮ್ಮ ಅವಳಿಗೆ ಖಾಸಾ ಅತ್ತೆ.

ನೀಲಾಳ ಪಾಡನ್ನು ಸ್ವಲ್ಪ ಯೋಚಿಸಿ ನೋಡಿ. ಬೆಳಗಾಗೆದ್ದು ಮನೆಯಲ್ಲಿ "ಸಾರಿಗೆ ಉಪ್ಪ ಬಿಟ್ಟೈತಿ ನೋಡವಾ" ಎಂದು ಕೇಳಬೇಕು. ಬಸ್ಸು ಹಿಡಿದು ಬಂದು ಆಫೀಸಿನಲ್ಲಿ ಕೂತರೆ "ಇಲ್ಲಿ ಏನೋ ಬಿಟ್ಟೈತಿ ನೋಡವಾ" ಎಂದು ಓದಬೇಕು. ಸಾಲದ್ದಕ್ಕೆ, ಹಳದಿ ಪಟ್ಟಿಗಳು ಎಲ್ಲರಿಗಿಂತ ಹೆಚ್ಚು ಬೀಳುತ್ತಿದ್ದುದು ಅವಳ ಬರವಣಿಗೆಗೇ. ಅವಳಿಗೆ ತನ್ನದೇ ಒಂದು ರೀತಿಯಿತ್ತು. ದೊಡ್ಡ ಕೆಲಸವನ್ನು ಪುಟ್ಟ ಪುಟ್ಟ ತುಂಡು ಮಾಡಿ, ಪ್ರತಿ ತುಂಡಿನ ತಲೆಯ ಮೇಲೆ ಇದು ಯಾರಿಗಾಗಿ, ಯಾಕಾಗಿ ಎಂದು ಒಂದು ಸಾಲು ಬರೆದಿಡುತ್ತಿದ್ದಳು. ಚಂದವಾಗಿ ಬರೆದಷ್ಟೂ ಎಚ್ಚರಿಕೆ ಹೆಚ್ಚು. "ಅಕ್ಕಾರ, ಸ್ವಲ್ಪ ಒರಟ ಬರೀರಿ, ಅತ್ತಿ ಸುಮ್ಮನಾಗ್ತಾರ," ಎಂದು ಪಕ್ಕದ ಮೇಜಿನ ನದಾಫ ಬುದ್ಧಿ ಹೇಳುತ್ತಿದ್ದ. ಅವನ ಸಾಲುಗಳು ನಿಜಕ್ಕೂ ಒರಟು, ಅವಕ್ಕೆ ಪಟ್ಟಿಯೂ ಕಡಿಮೆ. ಅತ್ತೆಗೆ ತಾನು ಎಂದೂ ಸರಿಬರುವುದಿಲ್ಲ, ಮನುಷ್ಯರಾಗಿದ್ದಾಗಲೂ ಇಲ್ಲ, ಯಂತ್ರವಾದ ಮೇಲೂ ಇಲ್ಲ ಎಂದು ನೀಲಾ ಒಳಗೊಳಗೇ ನೊಂದುಕೊಂಡಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಬಾಯಿಂದ 'ಚಲೋ ಮಾಡಿದಿ' ಎಂಬ ಒಂದು ಮಾತು ಅವಳು ಕೇಳಿರಲಿಲ್ಲ.

ಹೀಗಿರುವಾಗ, ನಿವೃತ್ತಿಯ ಮರುವರ್ಷ, ಜೊತೆಗಾಲು ಮಾಡುವವರ ಮನೆಗೇ ಲಕ್ವ ಬಂತು. ಸಂಗಮ್ಮ ಒಂದು ದಿನ ಹೂ ಕಟ್ಟುತ್ತಾ ಕೂತವರು ಹಾಗೇ ಬಲಕ್ಕೆ ವಾಲಿದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಹೋಯಿತು. ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದ ಬಾಯಿಯಲ್ಲಿ ಮೂರೇ ಮಾತು ಉಳಿದವು: ಹಾಂ, ಬ್ಯಾಡ, ತೆಗಿ. ಈ ಚಳಿಗಾಲ ಮುಗಿಯುವುದರೊಳಗೆ ನಡೆಸಲು ಶುರುಮಾಡಿದರೆ ಕಾಲು ಬರುತ್ತದೆ, ತಡವಾದರೆ ಅದು ನಡಿಗೆಯನ್ನೇ ಮರೆತುಬಿಡುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು.

ಮನೆ ಗಪ್ಪಾಯಿತು. ಸಾರಿಗೆ ಉಪ್ಪು ಬಿಟ್ಟಿದ್ದರೂ ಕೇಳುವವರಿಲ್ಲ. ನೀಲಾ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಬೀಳಿಸಿ ನೋಡುತ್ತಿದ್ದಳು. ಪಡಸಾಲೆಯಿಂದ ಬೈಗುಳ ಬರುತ್ತಿರಲಿಲ್ಲ. ಆಫೀಸಿನಲ್ಲಿ ಹಳದಿ ಪಟ್ಟಿ ಮೂಡಿದಾಗ ಮಾತ್ರ ಎದೆ ಚುರುಕ್ಕೆನ್ನುತ್ತಿತ್ತು. ಅವಳು ಅಷ್ಟು ಬೈದುಕೊಂಡಿದ್ದ ಆ ಸಾಲನ್ನು ಈಗ ಎರಡೆರಡು ಸಲ ಓದುತ್ತಿದ್ದಳು.

ಜೊತೆಗಾಲಿನ ಹೊಸ ಪ್ರೋಗ್ರಾಮು ಮುಗಿದು, ಹಳದಿಯೆಲ್ಲ ಹೋಗಿ, ಯಂತ್ರ ಪರೀಕ್ಷೆಯೂ ಪಾಸಾಯಿತು. ಮೊದಲು ಧರಿಸಬೇಕಾದವರು ಸಂಗಮ್ಮನವರೇ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಮಗ ಗುರುಲಿಂಗ, ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಸೌಮ್ಯ ಮನುಷ್ಯ, ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದ. ಹಳೆಯ ಜಾಗ ಕಂಡು ಸಂಗಮ್ಮನವರ ಕಣ್ಣು ಹೊಳೆಯಿತು. ಎರಡೂ ಕಡೆ ಹಿಡಿಗಂಬಿಯಿರುವ ನಡಿಗೆಯ ಅಂಗಣದಲ್ಲಿ ಅವರನ್ನು ನಿಲ್ಲಿಸಿ, ಕಾಲು ಕಟ್ಟಿ, ನದಾಫ ಗುಂಡಿ ಒತ್ತಿದ.

ಕಾಲು ಎದ್ದಿತು. ಎದ್ದದ್ದೇ ಊರಿತು. ಸಂಗಮ್ಮ ಎಡಗಾಲಿನ ಮೇಲೆ ಭಾರ ಹಾಕಿಕೊಳ್ಳುವ ಮೊದಲೇ ಮತ್ತೆ ಎದ್ದಿತು. ಹುರುಪಿನ ಕರು ಹಗ್ಗ ಹಿಡಿದವರನ್ನು ಎಳೆದುಕೊಂಡು ಹೋಗುತ್ತದಲ್ಲ, ಹಾಗೆ ಆ ಕಾಲು ಮುದುಕಿಯನ್ನು ಎಳೆಯಿತು. ನೀಲಾ ಓಡಿಹೋಗಿ ತಬ್ಬಿ ಹಿಡಿಯದಿದ್ದರೆ ಹಲ್ಲು ಮುರಿಯುತ್ತಿತ್ತು.

"ಬ್ಯಾಡ," ಎಂದರು ಸಂಗಮ್ಮ. ಎಡಗೈಯಿಂದ ಸೊಸೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. "ಬ್ಯಾಡ, ಬ್ಯಾಡ."

ಅತ್ತೆ ಹೆದರಿದ್ದನ್ನು ನೀಲಾ ಜನ್ಮದಲ್ಲಿ ಮೊದಲ ಸಲ ನೋಡಿದಳು. ಅವರನ್ನು ಗಂಡನ ಜೊತೆ ಮನೆಗೆ ಕಳಿಸಿ, ಪ್ರೋಗ್ರಾಮು ತೆರೆದು ಕೂತಳು. ಹೆಚ್ಚು ಹುಡುಕಬೇಕಾಗಲಿಲ್ಲ. ಎಲ್ಲೆಲ್ಲಿ 'ತಾಳು' ಎಂದಿತ್ತೋ ಅಲ್ಲೆಲ್ಲ ತಾಳುವ ಹೊತ್ತನ್ನು ಕತ್ತರಿಸಿ ಕತ್ತರಿಸಿ ಇಲ್ಲವೇ ಇಲ್ಲ ಎನ್ನುವಷ್ಟು ಮಾಡಲಾಗಿತ್ತು. ಪರೀಕ್ಷೆಗೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಬೊಂಬೆಗೆ ಅಂಜಿಕೆಯೂ ಇಲ್ಲ, ಆಯಾಸವೂ ಇಲ್ಲ. ಅದು ಸರಸರ ನಡೆದು ಪಾಸಾಗಿತ್ತು.

"ಯಾರ ಮಾಡೀರಿದನ್ನ?" ಎಂದು ಅವಳು ಸಿಟ್ಟಿನಿಂದ ಕೇಳಿದಳು.

ನದಾಫ ತಲೆ ಕೆರೆದುಕೊಂಡ. "ಎಲ್ಲಾರೂ ಮಾಡೀವ್ರಿ ಅಕ್ಕಾರ. 'ತಾಳು' ಅಂತ ಬರದ್ರ ಸಾಕು, ಹಳದಿ ಪಟ್ಟಿ ಬರ್ತಿತ್ತು. ಏನ ತಪ್ಪೈತಿ ಅಂತ ಯಾರಿಗೂ ತಿಳೀಲಿಲ್ಲ. ಹೊತ್ತು ಕಡಿಮಿ ಮಾಡಿದ್ರ ಸುಮ್ಮನಾಗ್ತಿತ್ತು, ಮಾಡಿದ್ವಿ. ನೀವೂ ಮಾಡೀರಿ, ನೋಡ್ರಿ ಬೇಕಾರ."

ಅವಳು ನೋಡಿದಳು. ಖರೆ, ಅವಳೂ ಮಾಡಿದ್ದಳು. ಅತ್ತೆ ಹೇಳಿದ ಮೇಲೆ ಏನೋ ಇರಲೇಬೇಕು ಎಂದು ಬಾಯಿ ಮುಚ್ಚಿಕೊಂಡು ಕತ್ತರಿಸಿದ್ದಳು. ಎದುರು ಮಾತಾಡಿ ರೂಢಿಯಿದ್ದರೆ ತಾನೇ?

ಇನಾಮದಾರರು ವಿಷಯ ಕೇಳಿ ಕುರ್ಚಿಯಿಂದ ಎದ್ದೇ ನಿಂತರು. "ಆ ಪ್ಲಗಿನ್ನ ಕಿತ್ತ ಒಗೀರಿ ಹಂಗಾರ!"

"ನೆಗಡಿ ಆತಂತ ಮೂಗು ಕೊಯ್ಕೊಂತಾರೇನ್ರಿ ಸರ?" ಎಂದಳು ನೀಲಾ. "ಹೋದ ವರ್ಷ ಮೊಣಕಾಲ ಉಲ್ಟಾ ಮಡಚೂ ಅಂಥಾ ತಪ್ಪ ಹಿಡದದ್ದ ಅದ. ಅದನ್ನ ತಗದ್ರ ರೋಗಿಗೆ ಕಾಲು ಕಟ್ಟೂ ಮಂಜೂರಾತಿ ಮತ್ತ ಮೊದ್ಲಿಂದ ಮಾಡಬೇಕು. ಒಂದ ವರ್ಷ ಹೋಗ್ತೈತಿ. ಅಷ್ಟೊತ್ತಿಗೆ ಅತ್ತಿಯವರ ಕಾಲು..."

"ಬರೇ 'ತಾಳು' ಅನ್ನೂದರ ಎಚ್ಚರಿಕಿ ಅಷ್ಟ ತಗಸಬೇಕಂದ್ರ ಮೇಡಂ ಅವರ ಒಪ್ಪಗಿ ಬೇಕಲ್ಲವಾ. ಅದೂ ಸುಮ್ನ ತಲಿ ಅಲ್ಲಾಡ್ಸಿದ್ರ ಆಗೂದಿಲ್ಲ, ಅದು ಯಾಕ ಬರ್ತೈತಿ ಅಂತ ತಿಳೀಬೇಕು." ಇನಾಮದಾರರು ದನಿ ತಗ್ಗಿಸಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಅವರಿಗೆ ಈಗ ಇದೆಲ್ಲಾ ತಿಳೀತೈತೇನು?"

"ಮಾತ ಹೋಗೈತ್ರಿ ಸರ, ಬುದ್ಧಿ ಹೋಗಿಲ್ಲ," ಎಂದಳು ನೀಲಾ. ಹೇಳುವುದೇನೋ ಹೇಳಿದಳು, ಒಳಗೆ ಅಳುಕಿತ್ತು.

ಲ್ಯಾಪ್‌ಟಾಪು ಮನೆಗೆ ಬಂತು. ಅತ್ತೆಯ ಮುಂದೆ ಇಟ್ಟರೆ ಅವರು ಮುಖ ಗೋಡೆಯ ಕಡೆ ತಿರುಗಿಸಿದರು. ಬೀಳಿಸಲು ಬಂದ ಕಾಲಿನ ಮೇಲೆ ಅವರಿಗೆ ವಿಪರೀತ ಕೋಪವಿತ್ತು. ಮರುದಿನವೂ ಅದೇ ಕಥೆ. ಪರದೆ ಕಂಡರೆ "ಬ್ಯಾಡ". ನೀಲಾ ಬೇಡಿದಳು, ರಮಿಸಿದಳು, ಕೊನೆಗೆ ರೇಗಿದಳು ಕೂಡ. ಸಂಗಮ್ಮ ಜಪ್ಪಯ್ಯ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಅವಳಿಗೊಂದು ಉಪಾಯ ಹೊಳೆಯಿತು. ಓದದಿದ್ದರೆ ಬೇಡ, ಕಿವಿಗಂತೂ ಬೀಗವಿಲ್ಲವಲ್ಲ. ಪಡಸಾಲೆಯಲ್ಲಿ ಅತ್ತೆಯ ಪಕ್ಕ ಚಾಪೆ ಹಾಸಿಕೊಂಡು, ಪುರಾಣ ಓದುವವರ ಹಾಗೆ ಗಟ್ಟಿಯಾಗಿ, 'ತಾಳು'ಗಳನ್ನು ಕತ್ತರಿಸುವ ಮೊದಲಿನ ಪ್ರೋಗ್ರಾಮು ಓದಲು ಶುರುಮಾಡಿದಳು.

"ನೀಲಾ, ಹಾಲ ಇಟ್ಟೀನಿ, ಲಕ್ಷ್ಯ ಇರ್ಲಿ. ನಾ ಜಳಕಕ್ಕ ಹೊಂಟೆ," ಎಂದು ಗುರುಲಿಂಗ ಹೇಳಿಹೋದ. ನೀಲಾ ಹೂಂಗುಟ್ಟಿ ಓದು ಮುಂದುವರಿಸಿದಳು.

"ಮೊಣಕಾಲ ಎತ್ತು. ತಾಳು, ಎರಡು ಕ್ಷಣ. ಪಾದ ಊರು."

'ತಾಳು' ಎಂದದ್ದೇ ತಡ, ಸಂಗಮ್ಮನವರ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗಿ ಬಂತು. ನೀಲಾ ಅದನ್ನು ಗಮನಿಸಿದಳು, ಆದರೆ ಅರ್ಥವಾಗಲಿಲ್ಲ. ಮುಂದಿನ ತುಂಡು ಓದಿದಳು. "ಹಿಮ್ಮಡಿ ಎತ್ತು. ತಾಳು." ಮತ್ತೆ ಕಣ್ಣು ಅಡುಗೆಮನೆಗೆ. ಬೇಕೆಂದೇ ಮೂರನೆಯ ಸಲ ಓದಿದಳು. ಈ ಸಲ ಸಂಗಮ್ಮ ಕುತ್ತಿಗೆಯನ್ನೇ ಹೊರಳಿಸಿ, ಎಡಗೈ ಎತ್ತಿ, ಗಾಬರಿಯಿಂದ "ತೆಗಿ! ತೆಗಿ! ತೆಗಿ!" ಎಂದು ಕೂಗಿಕೊಂಡರು.

ಚುಂಯ್ ಎಂಬ ಸದ್ದು ಬಂತು. ನೀಲಾ ಎದ್ದುಬಿದ್ದು ಓಡಿದಳು. ಹಾಲು ಉಕ್ಕಿ ಒಲೆಯೆಲ್ಲ ಕೆರೆಯಾಗಿತ್ತು. ಬೆಂಕಿ ಆರಿಸಿ, ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ವಾಪಸು ಬಂದರೆ, ಅತ್ತೆ ಅರ್ಧ ಬಾಯಲ್ಲಿ ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು.

ನೀಲಾ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಟೋಪಿ ಹಾಕಿಕೊಂಡು ಕೂರುತ್ತಿದ್ದ ಆ ಎರಡು ವರ್ಷಗಳ ಬೆಳಗು ಅವಳಿಗೆ ನೆನಪಾಯಿತು. ಅವಳದು ಆಗ ಬೆಳಗಿನ ಪಾಳಿ, ನಸುಕಿನಲ್ಲೇ ಮನೆ ಬಿಡುತ್ತಿದ್ದಳು. ಗುರುಲಿಂಗನಿಗೆ ಬಿಸಿಲು ಬಂದ ಮೇಲೇ ಬೆಳಗು. ಮನೆಯ ಹಾಲಿಗೆ ಸಂಗಮ್ಮನವರೊಬ್ಬರೇ ದಿಕ್ಕು.

"ಅತ್ತಿಯವರ," ಎಂದು ಮೆಲ್ಲಗೆ ಕೇಳಿದಳು, "ಆ ಟೋಪಿ ಹಾಕ್ಕೊಂಡ ಕುಂದರ್ತಿದ್ರಲ್ಲ, ಆವಾಗ ಒಲಿ ಮ್ಯಾಲ ಹಾಲ ಇರ್ತಿತ್ತೇನು?"

"ಹಾಂ," ಎಂದರು ಸಂಗಮ್ಮ.

"'ತಾಳು' ಅಂತ ಓದಿದಾಗೆಲ್ಲಾ ಹಾಲ ನೆನಪಾಕ್ಕಿತ್ತೇನು?"

"ಹಾಂ! ಹಾಂ!"

ಅಯ್ಯೋ ಶಿವನೇ! ನೀಲಾ ಚಾಪೆಯ ಮೇಲೆ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಟೋಪಿಗೆ ಗೊತ್ತಾದದ್ದು ಮನಸ್ಸು ಗಕ್ಕನೆ ನಿಂತಿತು ಎಂಬುದು ಮಾತ್ರ. ಹಾಲಿನ ಚಿಂತೆಯೋ ಪ್ರೋಗ್ರಾಮಿನ ಚಿಂತೆಯೋ ಅದಕ್ಕೇನು ಗೊತ್ತು, ಪಾಪ! ಎಂದೋ ಕಾಯಿಸಿ ಕುಡಿದಾದ ಹಾಲು ಉಕ್ಕೀತೆಂದು ಅಷ್ಟು ಜನ ಇಂಜಿನಿಯರುಗಳು ಕೂತು ಲಕ್ವ ಹೊಡೆದವರ ಹೆಜ್ಜೆಯಿಂದ ತಾಳ್ಮೆಯನ್ನೇ ಕತ್ತರಿಸಿ ಹಾಕಿದ್ದರು. ಜಳಕ ಮುಗಿಸಿ ಬಂದ ಗುರುಲಿಂಗ ಹೆಂಡತಿಯೂ ತಾಯಿಯೂ ನಗುವುದನ್ನು ಕಂಡು, ಏನೆಂದು ಕೇಳದೆ, ತಾನೂ ಬಾಗಿಲಲ್ಲಿ ನಿಂತು ನಕ್ಕ.

ಆ ಮೇಲೆ ಸಂಗಮ್ಮ ಪರದೆಯನ್ನು ದೂರ ಮಾಡಲಿಲ್ಲ. ನೀಲಾ ಇನಾಮದಾರರನ್ನೂ ಮನೆಗೆ ಕರೆಸಿದಳು. ಸಾಕ್ಷಿಗೆ ಅವರು ಕುರ್ಚಿಯಲ್ಲಿ ಕೂತರು. ಹಳದಿ ಹೋಗಲೆಂದು ತಿದ್ದುವ ಮೊದಲಿನ ಸಾಲುಗಳನ್ನು ಮತ್ತೆ ತೆರೆದು ನೀಲಾ ಒಂದೊಂದೇ ಎಚ್ಚರಿಕೆ ತೋರಿಸುವುದು, ಸಂಗಮ್ಮ ತೀರ್ಪು ಕೊಡುವುದು. ತಪ್ಪು ನಿಜವಾಗಿದ್ದರೆ "ಹಾಂ" ಎಂದು ಎಡಗೈ ಬೆರಳಿನಿಂದ ಸಾಲಿನ ಮೇಲೆ ಕುಟ್ಟುತ್ತಿದ್ದರು. ಬೇಡದ ಎಚ್ಚರಿಕೆಯಾದರೆ "ತೆಗಿ". ಇನಾಮದಾರರು ಅವರ ಬುದ್ಧಿಯನ್ನು ಪರೀಕ್ಷಿಸಲೆಂದು ನಡುವೆ ತಾವೇ ಬೇಕೆಂದು ಒಂದು ತಪ್ಪು ಸಾಲು ಸೇರಿಸಿ ತೋರಿಸಿದರು. ಸಂಗಮ್ಮ ಆ ಸಾಲನ್ನು ಕುಟ್ಟಿ, ಅವರ ಕಡೆ ತಿರುಗಿ ನೋಡಿದ ನೋಟಕ್ಕೆ ದೊಡ್ಡ ಮನುಷ್ಯರು ಕೈಮುಗಿದು "ತಪ್ಪಾತ್ರಿ ಮೇಡಂ" ಎಂದರು. ಹಾಲಿನ ಎಚ್ಚರಿಕೆಗಳೆಲ್ಲ ಹೋದವು. ಪ್ರತಿ ಪ್ರೋಗ್ರಾಮಿನ ಕೊನೆಯಲ್ಲಿ ಬೀಳುತ್ತಿದ್ದ ಒಂದು ಎಚ್ಚರಿಕೆಯೂ ಹೋಯಿತು. ಓದು ಮುಗಿಯುವ ಹೊತ್ತಿಗೆ ಅವರಿಗೆ ಬಸ್ಸಿನ ಚಿಂತೆ ಹತ್ತುತ್ತಿತ್ತಂತೆ. ಅದನ್ನು ಅವರು ಕಿಟಕಿಯಾಚೆ ಹೋಗುತ್ತಿದ್ದ ಬಸ್ಸನ್ನೇ ತೋರಿಸಿ ತಿಳಿಸಿದರು.

ಕೊನೆಗೆ ಉಳಿದವು ನೀಲಾಳ ಸಾಲುಗಳ ಎಚ್ಚರಿಕೆಗಳು.

ಇನಾಮದಾರರು ಚಹ ಕುಡಿಯಲು ಗುರುಲಿಂಗನ ಜೊತೆ ಒಳಗೆ ಹೋಗಿದ್ದರು. ನೀಲಾಳಿಗೆ ಇವನ್ನು ತೋರಿಸಲು ಮನಸ್ಸೇ ಇರಲಿಲ್ಲ. ಇವೆಲ್ಲ ನಿಜವಾದ ತಪ್ಪುಗಳೇ ಇರಬೇಕು, ಅತ್ತೆ ಈಗ ಒಂದೊಂದನ್ನೂ ಕುಟ್ಟುತ್ತಾರೆ, ತಾನು ಒಂದೊಂದಕ್ಕೂ ತಲೆ ತಗ್ಗಿಸಬೇಕು. ಮೊದಲನೆಯದನ್ನು ತೆರೆದಳು. ಮುಗ್ಗರಿಸುವವರನ್ನು ಕಾಲು ತಾನಾಗಿ ಹೇಗೆ ಆತುಕೊಳ್ಳಬೇಕು ಎಂಬ ತುಂಡು ಅದು. ಮದುವೆಯಾದ ಹೊಸತರಲ್ಲಿ ಬರೆದದ್ದು. ತಲೆಯ ಮೇಲೆ ಒಂದು ಸಾಲು: 'ಒಬ್ಬರೇ ಇರುವಾಗ ಬೀಳುವವರಿಗಾಗಿ. ಅವರಿಗೆ ಹಿಡಿಯುವವರು ಯಾರೂ ಇಲ್ಲ.' ಅದರ ಕೆಳಗೆ ಹಳದಿ ಪಟ್ಟಿ.

ಸಂಗಮ್ಮ ಓದಿದರು. ಕಣ್ಣು ನಿಂತಿತು. ಅಡುಗೆಮನೆಯ ಕಡೆ ಹೋಗಲಿಲ್ಲ, ಕಿಟಕಿಯ ಕಡೆಯೂ ಹೋಗಲಿಲ್ಲ. ಸೊಸೆಯ ಮುಖದ ಮೇಲೆ ಬಂದು ನಿಂತಿತು.

"ಏನ ತಪ್ಪೈತ್ರಿ ಇಲ್ಲೆ?" ಎಂದು ನೀಲಾ ಸೋತ ದನಿಯಲ್ಲಿ ಕೇಳಿದಳು.

ಸಂಗಮ್ಮ ಎಡಗೈ ಚಾಚಿ ಅವಳ ಕೆನ್ನೆಯನ್ನು ಮೇಲಿನಿಂದ ಕೆಳಗೆ ಸವರಿದರು. ಆ ಕೈಯನ್ನು ತಮ್ಮ ಹಣೆಯ ಪಕ್ಕಕ್ಕೆ ಒಯ್ದು ಒತ್ತಿದರು. ಲಟಲಟನೆ ನೆಟಿಗೆ ಮುರಿಯಿತು. ಒಂದು ಕೈಯ ನೆಟಿಗೆಯಾದರೂ ಸದ್ದು ಪಡಸಾಲೆಗೆಲ್ಲ ಕೇಳಿಸಿತು.

ಚಂದದ ಕೂಸನ್ನು ನೋಡಿದಾಗ, ಹಸೆಮಣೆಯ ಮೇಲೆ ಮಗಳನ್ನು ನೋಡಿದಾಗ, ಎಲ್ಲಿ ತನ್ನ ಕಣ್ಣೇ ತಾಗೀತೋ ಎಂದು ಹೆಂಗಸರು ಮುರಿಯುವ ನೆಟಿಗೆ ಅದು. ನೀಲಾ ಅವಸರದಿಂದ ಎರಡನೆಯದನ್ನು ತೆರೆದಳು. ಮತ್ತೆ ಕೆನ್ನೆ ಸವರಿ ನೆಟಿಗೆ. ಮೂರನೆಯದಕ್ಕೆ ಬೆರಳು ಮುರಿಯಲಿಲ್ಲ, ಎಷ್ಟು ಸಲ ಅಂತ ಮುರಿದೀತು! ಸಂಗಮ್ಮ ಸುಮ್ಮನೆ ಕೈಯನ್ನು ಅವಳ ಕೆನ್ನೆಯ ಮೇಲೆ ಇಟ್ಟುಕೊಂಡೇ ಓದಿದರು. ಸೊಸೆ ಬರೆದದ್ದನ್ನು ಓದುವಾಗ ಅವರ ಮನಸ್ಸು ಅಭಿಮಾನದಿಂದ ನಿಂತಿತ್ತು, ಪ್ರತಿ ಸಲವೂ ನಿಂತಿತ್ತು. ಟೋಪಿ ಅದನ್ನೂ ತಪ್ಪೆಂದೇ ಬರೆದುಕೊಂಡಿತ್ತು.

"ಒಂದ ಸಲ ಬಾಯಿ ಬಿಟ್ಟ ಹೇಳಬಾರದಾಗಿತ್ತೇನ್ರಿ ಅತ್ತಿಯವರ?" ಎಂದು ನೀಲಾ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಇಷ್ಟ ವರ್ಷ ನಾ ಏನೇನ ತಿಳ್ಕೊಂಡಿದ್ದೆ!" ಹೇಳಲು ಸಂಗಮ್ಮನವರಿಗೆ ಈಗ ಮಾತಿರಲಿಲ್ಲ, ಮಾತಿದ್ದಾಗ ಹೇಳುವ ಅಭ್ಯಾಸವಿರಲಿಲ್ಲ. ಅವರ ಕಣ್ಣಿಂದಲೂ ನೀರು ಇಳಿದು ಸೊಸೆಯ ಕೂದಲ ಮೇಲೆ ಬಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವರು ಪರದೆಯನ್ನು ಬೆರಳಿನಿಂದ ತಟ್ಟಿದರು. "ತೆಗಿ."

"ಇವು ಇರ್ಲಿ. ಇವು ನನಗ ಬೇಕು." ನೀಲಾ ಕೂಸಿನ ಹಾಗೆ ಹಟ ಹಿಡಿದಳು.

"ತೆಗಿ," ಎಂದರು ಸಂಗಮ್ಮ, ಈ ಸಲ ಹಳೆಯ ಆಫೀಸಿನ ದನಿಯಲ್ಲಿ. ತಮ್ಮ ಸೋತ ಬಲಗಾಲನ್ನು ತಟ್ಟಿ ತೋರಿಸಿದರು. ಹಳದಿ ಒಂದು ಉಳಿದಿದ್ದರೂ ಕಾಲಿಗೆ ಬರುವಂತಿಲ್ಲ ಎಂಬ ನಿಯಮವನ್ನು ಮಾಡಿದವರೇ ಅವರು. ಆ ಮೇಲೆ ಅದೇ ಕೈಯಿಂದ ಸೊಸೆಯ ಗಲ್ಲ ಹಿಡಿದೆತ್ತಿದರು. ನಾನೇ ಇಲ್ಲಿ ಕೂತಿರುವಾಗ ಆ ಡಬ್ಬಿಯಲ್ಲಿರುವುದು ನಿನಗೆ ಯಾಕೆ ಬೇಕು ಎಂದು ಕೇಳಿದ ಹಾಗಿತ್ತು ಆ ನೋಟ. ನೀಲಾ ಸೆರಗಿನಿಂದ ಮೂಗು ಒರೆಸಿಕೊಂಡು, ಇನಾಮದಾರರನ್ನು ಕರೆದು, ಅವರ ಎದುರಿಗೇ ಒಂದೊಂದಾಗಿ ಎಲ್ಲವನ್ನೂ ತೆಗೆದಳು.

'ತಾಳು'ಗಳೆಲ್ಲ ಮತ್ತೆ ತಮ್ಮ ಜಾಗಕ್ಕೆ ಬಂದವು. ನೀಲಾ ಇನ್ನೊಂದು ಮಾತೂ ಬರೆದಳು. ತಾಳುವುದಕ್ಕೆ ಇಷ್ಟೇ ಹೊತ್ತು ಎಂದು ಇರಕೂಡದು, ನಡೆಯುವವರ ಮನಸ್ಸು ಬರುವವರೆಗೆ ಕಾಲು ತಾಳಬೇಕು. ಕಣ್ಣಚ್ಚು ಆ ಸಾಲಿಗೆ ಏನೂ ಹೇಳಲಿಲ್ಲ.

ಚಳಿ ಇನ್ನೂ ಇತ್ತು. ನಡಿಗೆಯ ಅಂಗಣಕ್ಕೆ ಸಂಗಮ್ಮ ಬರುವುದಿಲ್ಲವೆಂದೇ ಗುರುಲಿಂಗ ಅಂಜಿದ್ದ. ಬಂದರು. ಕಾಲು ಕಟ್ಟುವಾಗ ಹಿಡಿಗಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು, ಆದರೆ "ಬ್ಯಾಡ" ಎನ್ನಲಿಲ್ಲ.

ಕಾಲು ಎದ್ದಿತು. ತಾಳಿತು. ಊರಿತು. ಒಂದು ಹೆಜ್ಜೆ, ಎರಡು ಹೆಜ್ಜೆ. ಅಂಗಣದ ನಟ್ಟನಡುವೆ ಸಂಗಮ್ಮ ನಿಂತುಬಿಟ್ಟರು. ಎದ್ದ ಕಾಲು ಗಾಳಿಯಲ್ಲಿ ಹಾಗೇ ನಿಂತಿತು. ಕೆಟ್ಟುನಿಂತಿತೇನೋ ಎಂದು ನದಾಫ ಗುಂಡಿಯ ಕಡೆ ಕೈ ಒಯ್ದ. "ಅವ್ವಾ, ಬಾ," ಎಂದು ಗುರುಲಿಂಗ ಕೈ ಚಾಚಿದ.

"ಸುಮ್ಮಿರ್ರಿ ಎಲ್ಲಾರೂ," ಎಂದಳು ನೀಲಾ. "ಯಾರೂ ಗಡಿಬಿಡಿ ಮಾಡಬ್ಯಾಡ್ರಿ. ಅವರ ಕಾಲ, ಅವರಿಗೆ ಬೇಕಾದಾಗ ಇಡ್ತಾರ."

ಸಂಗಮ್ಮ ಸುಧಾರಿಸಿಕೊಂಡರು. ಎಡಗಾಲಿನ ಮೇಲೆ ಭಾರ ಹಾಕಿಕೊಂಡರು. ಬೇಕಾದಷ್ಟು ಹೊತ್ತು ತೆಗೆದುಕೊಂಡು, ತಮಗೆ ಮನಸ್ಸು ಬಂದಾಗ ಕಾಲು ಊರಿದರು. ಮತ್ತೊಂದು. ಮತ್ತೊಂದು. ಆಚೆ ತುದಿಯ ಕುರ್ಚಿಯಲ್ಲಿ ಅವರು ಹೋಗಿ ಕೂತಾಗ ಇನಾಮದಾರರು ಚಪ್ಪಾಳೆ ತಟ್ಟಿದರು, ನದಾಫ ತೋಳಿನಿಂದ ಕಣ್ಣೊರೆಸಿಕೊಂಡ, ಗುರುಲಿಂಗ ತಾಯಿಯ ಕಾಲು ಹಿಡಿದುಕೊಂಡು ಕೂತುಬಿಟ್ಟ.

ಸಂಗಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಜೊತೆಗಾಲಿನ ಹಿಮ್ಮಡಿಯನ್ನೇ ನೋಡುತ್ತಿದ್ದರು. ತುಟಿ ಅದುರುತ್ತಿತ್ತು. ಏನೋ ಒಳಗಿನಿಂದ ಬರಲು ಒದ್ದಾಡುತ್ತಿತ್ತು.

"ತ... ತಪ್ಪ," ಎಂದರು ಸಂಗಮ್ಮ. ಉಸಿರೆಳೆದುಕೊಂಡು, ಬೆರಳು ಚಾಚಿ, ಇನ್ನೂ ಒಂದು ಹೊಸ ಮಾತು ಹೊರಗೆ ನೂಕಿದರು. "ಇಲ್ಲಿ."

ನೀಲಾ ನೆಲದ ಮೇಲೆ ಮಂಡಿಯೂರಿ ನೋಡಿದಳು. ಹಿಮ್ಮಡಿಯ ಮೋಟಾರು ಒಂದು ನೂಲಿನಷ್ಟು ಒಳಕ್ಕೆ ತಿರುಗಿತ್ತು. ಬೊಂಬೆಗೆ ಗೊತ್ತಾಗಿರಲಿಲ್ಲ, ಪ್ಲಗಿನ್ನಿಗೆ ಗೊತ್ತಾಗಿರಲಿಲ್ಲ, ಅಲ್ಲಿದ್ದ ಯಾರಿಗೂ ಗೊತ್ತಾಗಿರಲಿಲ್ಲ.

"ಹೌದ್ರಿ ಅತ್ತಿಯವರ, ತಪ್ಪೈತಿ!" ಎಂದು ಅವಳು ಅಳುತ್ತಾ ನಗುತ್ತಾ ಹೇಳಿದಳು. "ಮತ್ತ ಎಲ್ಲೆಲ್ಲಿ ಐತಿ? ಹೇಳ್ರಿ, ಎಲ್ಲಾ ಹೇಳ್ರಿ."

ಸಂಗಮ್ಮ ಸೆರಗು ಸರಿಮಾಡಿಕೊಂಡು, ಸೊಸೆಯ ಕೈ ಹಿಡಿದು, ಮೊಣಕಾಲಿನ ಕಡೆ ಬೆರಳು ತೋರಿಸಿದರು.